‘ಮತ್ತೆ ನೋಡಬೇಡಿ’ ಎಂದವಳು ನಾನೇ

ಇಷ್ಟು ವರ್ಷ ಮಡಿಕೇರಿಯ ಈ ಸಣ್ಣ ಕೋಣೆಯಲ್ಲಿ ಕುಳಿತು ಆಪ್ತಸಲಹೆಗಾರ್ತಿಯಾಗಿ ನಾನು ಕೊಟ್ಟ ಸಲಹೆಗಳಲ್ಲಿ ಎಷ್ಟು ಫಲಿಸಿದವು, ಎಷ್ಟು ಕೆಟ್ಟವು ಎಂಬ ಲೆಕ್ಕ ನನ್ನ ಬಳಿ ಇಲ್ಲ. ಬರುವವರಲ್ಲಿ ಹೆಚ್ಚಿನವರು ಮೂರು ನಾಲ್ಕು ಸಲ ಬಂದು, ಕಾಫಿ ಕೊಯ್ಲು ಶುರುವಾಯಿತೆಂದೋ ಮಳೆ ಹಿಡಿಯಿತೆಂದೋ ನಿಂತುಬಿಡುತ್ತಾರೆ. ಆಮೇಲೆ ಏನಾಯಿತೆಂದು ತಿಳಿಯುವುದು ಸಂತೆಯಲ್ಲಿ ಎದುರಾದರೆ ಮಾತ್ರ. ಆದರೆ ಒಂದು ಸಲಹೆ ಅರ್ಧಕ್ಕರ್ಧ ತಪ್ಪಾಗಿತ್ತು ಎಂಬುದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಅದನ್ನು ಪಾಲಿಸಿದವರೇ ಎದುರು ಕುಳಿತು, ಬಹಳ ಮರ್ಯಾದೆಯಿಂದ, ನನಗೆ ತೋರಿಸಿಕೊಟ್ಟರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಇದೇ ತೊಂದರೆ ಬೇರೆ ಬೇರೆ ವೇಷದಲ್ಲಿ ನನ್ನ ಬಾಗಿಲಿಗೆ ಬರುತ್ತಲೇ ಇದೆ, ಅದರಲ್ಲೂ ಕೊಡಗಿನ ಗುಡ್ಡಗಳು ಕುಸಿದ 2018ರ ಮಳೆಗಾಲದ ನಂತರ.

ಅವರು ಮೂವತ್ತೈದು ದಾಟಿದ ಸ್ಟ್ರಕ್ಚರಲ್ ಎಂಜಿನಿಯರ್. ಹುಟ್ಟಿ ಬೆಳೆದದ್ದು ಮಡಿಕೇರಿಯಿಂದ ಹೆಚ್ಚು ದೂರವಲ್ಲದ ಒಂದು ತೋಟದ ಮನೆಯಲ್ಲಿ. ತಂದೆ ಇಲ್ಲ, ಅಣ್ಣ ಪಟ್ಟಾಳದಲ್ಲಿ, ಮನೆಯಲ್ಲಿ ತಾಯಿ ಒಬ್ಬರೇ. ಹೊರರಾಜ್ಯದ ದೊಡ್ಡ ನಗರವೊಂದರ ವಿನ್ಯಾಸ ಸಂಸ್ಥೆಯಲ್ಲಿ ಪರಮಾಣು ವಿದ್ಯುತ್ ಸ್ಥಾವರಗಳ ಕಟ್ಟಡಗಳಿಗೆ ಲೆಕ್ಕ ಹಾಕುವುದು ಅವರ ಕೆಲಸ. ಯಾವ ಸ್ಥಾವರ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ಸಲ ಮದುವೆ ಮಾತು ಮುರಿದುಬಿದ್ದ ಮೇಲೆ, ರಾತ್ರಿ ನಿದ್ದೆ ಮಾಡದ ಮಗನನ್ನು ರಜೆಯಲ್ಲಿ ಕಣ್ಣಾರೆ ಕಂಡ ತಾಯಿ ಒತ್ತಾಯ ಮಾಡಿ ನನ್ನ ಬಳಿ ಕಳುಹಿಸಿದ್ದರು.

ಮೊದಲ ದಿನ ನಾನು ಕೇಳಿದ ಮೊದಲ ಪ್ರಶ್ನೆ ವಿಕಿರಣದ ಬಗ್ಗೆ. ಇದನ್ನು ಈಗ ನಾಚಿಕೆಯಿಂದಲೇ ಬರೆಯುತ್ತೇನೆ. ಮಾತು ಮುರಿದ ಎರಡೂ ಮನೆಯವರು ಕೇಳಿದ್ದು ಅದನ್ನೇ ಅಂತೆ: ಅಣುಸ್ಥಾವರದಲ್ಲಿ ಕೆಲಸ ಮಾಡುವ ಹುಡುಗನಿಗೆ ಮಕ್ಕಳಾಗುತ್ತವೆಯೇ? ಅವರು ನಕ್ಕು, ಇದನ್ನು ಬಹಳ ಸಲ ಹೇಳಿ ಅಭ್ಯಾಸವಾದವರ ಹಾಗೆ ವಿವರಿಸಿದರು. ವಿನ್ಯಾಸ ಕಚೇರಿಗೂ ಬ್ಯಾಂಕಿನ ಕಚೇರಿಗೂ ಆ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಇನ್ನೂ ಕಟ್ಟುತ್ತಿರುವ ಸ್ಥಾವರಕ್ಕೆ ಇಂಧನವೇ ಬಂದಿರುವುದಿಲ್ಲ. ನಡೆಯುತ್ತಿರುವ ಸ್ಥಾವರದೊಳಗೆ ಹೋಗಬೇಕಾಗಿ ಬಂದರೆ ಎದೆಯ ಮೇಲೆ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ಹಾಕಿಸಿ ಲೆಕ್ಕ ಇಡುತ್ತಾರೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ಅಂಥ ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30ಕ್ಕಿಂತ ಹೆಚ್ಚು ತಗಲಬಾರದು. ಏನೂ ಮಾಡದೆ ಮನೆಯಲ್ಲಿ ಕುಳಿತವನಿಗೂ ನೆಲ, ಆಕಾಶ, ಗಾಳಿ, ಆಹಾರದಿಂದ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ತಗಲುತ್ತದೆ. ನಾನು ಇದನ್ನೆಲ್ಲ ಆಸಕ್ತಿಯಿಂದ ಬರೆದುಕೊಂಡೆ. ಒಂದು ಗಂಟೆಯ ಭೇಟಿಯಲ್ಲಿ ಕಾಲು ಗಂಟೆ ಹೀಗೆ ಹೋಯಿತು, ಮತ್ತು ಅದು ಅವರ ತೊಂದರೆಗೆ ಸಂಬಂಧಪಟ್ಟದ್ದೇ ಆಗಿರಲಿಲ್ಲ.

ಅವರ ತೊಂದರೆ ರಾತ್ರಿಯದು. ಹಗಲು ಮಾಡಿದ ಲೆಕ್ಕ ರಾತ್ರಿ ಎರಡು ಗಂಟೆಗೆ ತಲೆಯಲ್ಲಿ ಎದ್ದು ಕೂರುತ್ತಿತ್ತು. ಭಾರಗಳನ್ನೆಲ್ಲ ಕೂಡಿಸಿದೆನೇ, ಚಿಹ್ನೆ ಸರಿ ಹಾಕಿದೆನೇ, ಕಿಲೋನ್ಯೂಟನ್ ಇರಬೇಕಾದಲ್ಲಿ ನ್ಯೂಟನ್ ಬರೆದೆನೇ? ಎದ್ದು ಲ್ಯಾಪ್‌ಟಾಪ್ ತೆರೆದು ನೋಡುವುದು, ಸರಿ ಇದೆ ಎಂದು ಮಲಗುವುದು, ಅರ್ಧ ಗಂಟೆಯಲ್ಲಿ ‘ನಾನು ನಿಜವಾಗಿ ನೋಡಿದೆನೇ, ನೋಡಿದೆ ಎಂದುಕೊಂಡೆನೇ’ ಎಂದು ಮತ್ತೆ ಏಳುವುದು. ಒಂದು ರಾತ್ರಿ ಒಂದೇ ಹಾಳೆಯನ್ನು ಹದಿನಾಲ್ಕು ಸಲ ನೋಡಿದ್ದನ್ನು ಅವರೇ ಎಣಿಸಿದ್ದರು. ಎಂಟು ವರ್ಷದ ಹಿಂದೆ ಕಳುಹಿಸಿದ ನಕ್ಷೆಗಳೂ ಸರದಿಯಲ್ಲಿ ಬರತೊಡಗಿದ್ದವು.

ಆ ಕೆಲಸದ ಭಾರವನ್ನು ಸ್ವಲ್ಪ ತಿಳಿಸದಿದ್ದರೆ ಓದುವವರಿಗೆ ಇದು ಬರೀ ಹೆದರಿಕೆಯಂತೆ ಕಾಣಬಹುದು. ಮನೆ ಕಟ್ಟುವ ಎಂಜಿನಿಯರ್ ಯೋಚಿಸುವ ಭೂಕಂಪ ಬೇರೆ, ಇವರು ಯೋಚಿಸಬೇಕಾದ ಭೂಕಂಪ ಬೇರೆ. ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನಡುಕಕ್ಕೂ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸುವ ವ್ಯವಸ್ಥೆ ಮುರಿಯಬಾರದು ಎಂದು ಲೆಕ್ಕ ಹಾಕುತ್ತಾರೆ. ಗೋಡೆಗಳು ಆಳುದ್ದ ದಪ್ಪವಿರುವುದುಂಟು. ಅದರೊಳಗೆ ಕಬ್ಬಿಣದ ಸರಳುಗಳು ಎಷ್ಟು ದಟ್ಟವಾಗಿರುತ್ತವೆಂದರೆ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ಮೂತಿ ಇಳಿಸಲು ಜಾಗ ಹುಡುಕಬೇಕಾಗುತ್ತದೆ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸಿ, ಮೂರನೆಯವರು ಒಪ್ಪಿ ಸಹಿ ಹಾಕಿದ ಮೇಲೆಯೇ ನಕ್ಷೆ ಹೊರಗೆ ಹೋಗುತ್ತದೆ. ಕೊನೆಗೆ ಕಟ್ಟಡವನ್ನೂ ನಂಬುವುದಿಲ್ಲ. ರಿಯಾಕ್ಟರನ್ನು ಸುತ್ತುವರಿದ ಕಂಟೈನ್‌ಮೆಂಟಿಗೆ ಗಾಳಿ ತುಂಬಿ, ವಿನ್ಯಾಸದ ಒತ್ತಡಕ್ಕಿಂತ ಶೇಕಡಾ 15ರಷ್ಟು ಹೆಚ್ಚು ಒತ್ತಡದಲ್ಲಿ ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು.

ಇಷ್ಟೆಲ್ಲ ಕಾವಲಿದ್ದೂ ಭಯವೇಕೆ ಎಂದು ಕೇಳಿದಾಗ ಅವರು ಕೈಗಾದ ಗುಮ್ಮಟದ ಕಥೆ ಹೇಳಿದರು. 1994ರ ಮೇ 13ರಂದು, ಕಾರವಾರದ ಬಳಿಯ ಕೈಗಾದಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ತಳಭಾಗದಿಂದ ಸುಮಾರು 130 ಟನ್ ಕಾಂಕ್ರೀಟ್ ಪದರವಾಗಿ ಬಿಟ್ಟುಕೊಂಡು ಕೆಳಗೆ ಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲ, ಆದರೆ ಕಾರ್ಮಿಕರು ಗಾಯಗೊಂಡರು. ಗುಮ್ಮಟದೊಳಗೆ ಬಿಗಿದು ಎಳೆದ ಉಕ್ಕಿನ ಕೇಬಲ್‌ಗಳು ಬಾಗುವ ಜಾಗದಲ್ಲಿ ಕಾಂಕ್ರೀಟನ್ನು ದಪ್ಪದ ದಿಕ್ಕಿನಲ್ಲಿ ಸೀಳುವ ಒಂದು ಸೆಳೆತ ಹುಟ್ಟುತ್ತದೆ. ಆ ದಿಕ್ಕಿನಲ್ಲಿ ಹಿಡಿದಿಡುವ ಸರಳುಗಳು ಸಾಲದೇ ಹೋಗಿದ್ದವು. ಆಮೇಲೆ ಗುಮ್ಮಟದ ವಿನ್ಯಾಸವನ್ನೇ ಬದಲಿಸಿ ಹೊಸದಾಗಿ ಕಟ್ಟಿದರು, ಮತ್ತು ಅದೇ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ 962 ದಿನ ನಡೆದು ದಾಖಲೆ ಮಾಡಿತು. ಕಥೆಯ ಈ ಎರಡನೇ ಭಾಗವನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದರು. “ಅಲ್ಲೂ ಲೆಕ್ಕ ಹಾಕಿದವರು, ನೋಡಿದವರು, ಸಹಿ ಹಾಕಿದವರು ಎಲ್ಲರೂ ಇದ್ದರಲ್ಲ ಮೇಡಂ” ಎಂದದ್ದು ಮಾತ್ರ ಮೂರು ಸಲ.

ನನಗೆ ಆಗ ಎಲ್ಲವೂ ಸ್ಪಷ್ಟವಾಗಿ ಕಂಡಿತು, ಅಥವಾ ಹಾಗೆಂದುಕೊಂಡೆ. ಇದು ಗೀಳು, ಮತ್ತೆ ಮತ್ತೆ ಪರೀಕ್ಷಿಸುವ ಗೀಳು. ಅನಿಲದ ಸಿಲಿಂಡರಿನ ನಾಬ್, ಬಾಗಿಲಿನ ಚಿಲಕ, ಹಾಗೆಯೇ ಲೆಕ್ಕದ ಹಾಳೆ. ನೋಡಿದಾಗ ಸಿಗುವ ನೆಮ್ಮದಿ ಕ್ಷಣದ್ದು, ಅದು ಮುಂದಿನ ಸಂಶಯಕ್ಕೆ ಮೇವು. ನೋಡಿದಷ್ಟೂ ನೆನಪಿನ ಮೇಲಿನ ಭರವಸೆ ಕರಗುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ: ಸಂಶಯ ಎದ್ದಾಗ ಅದನ್ನು ಎದ್ದಂತೆಯೇ ಇರಗೊಟ್ಟು, ನೋಡದೆ ತಾಳಿಕೊಳ್ಳುವ ಅಭ್ಯಾಸ. ಮನೋವೈದ್ಯರ ಬಳಿಗೂ ಕಳುಹಿಸಿದೆ, ಅವರೂ ಗೀಳೆಂದೇ ಹೇಳಿ ಮಾತ್ರೆ ಬರೆದುಕೊಟ್ಟರು. ನನ್ನ ರೋಗನಿದಾನ ತಪ್ಪಾಗಿರಲಿಲ್ಲ ಎಂದು ಇಂದಿಗೂ ಹೇಳುತ್ತೇನೆ. ತಪ್ಪಿದ್ದು ಬೇರೆಡೆ.

ಅವರು ನಗರಕ್ಕೆ ಮರಳಿದ ಮೇಲೆ ಭೇಟಿಗಳು ವಿಡಿಯೊದಲ್ಲಿ ನಡೆದವು. ಎರಡನೆಯ ಭೇಟಿಯಲ್ಲಿ ಅವರು ತಡವರಿಸುತ್ತಾ ಕೇಳಿದರು: “ಹಳೆಯದೊಂದು ಪ್ಲೇಟಿನ ಲೆಕ್ಕ ಇದೆ ಮೇಡಂ. ಅದೊಂದನ್ನು ಒಮ್ಮೆ ತೆರೆದು ನೋಡಿಬಿಡಲೇ? ಅದೊಂದೇ.” ಗೀಳಿನವರು ‘ಅದೊಂದೇ’ ಎನ್ನುವುದನ್ನು ನಾನು ನೂರಾರು ಸಲ ಕೇಳಿದ್ದೇನೆ. ನಾನು ತುಂಬ ಮೃದುವಾಗಿ, ತುಂಬ ಖಚಿತವಾಗಿ, “ಮತ್ತೆ ನೋಡಬೇಡಿ. ಸಂಶಯ ಬಂದಿದೆ ಎಂದು ಗುರುತಿಸಿ, ಬಿಟ್ಟುಬಿಡಿ” ಎಂದೆ. ಅವರು ವಿಧೇಯ ವಿದ್ಯಾರ್ಥಿಯಂತೆ ಐದು ವಾರ ನೋಡಲಿಲ್ಲ. ನಿದ್ದೆ ಸುಧಾರಿಸಿತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆದ ದಿನಾಂಕ ಈಗಲೂ ಇದೆ.

ಜುಲೈ ಕೊನೆಯಲ್ಲಿ ಫೋನ್ ಬಂತು. ಊರಿಗೆ ಬರುತ್ತಿದ್ದೇನೆ, ಎದುರಿಗೇ ಮಾತನಾಡಬೇಕು ಎಂದರು.

ಬಂದದ್ದು ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ ಹದಿನೆಂಟರ ಮರುದಿನ. ಮಳೆ ಸುರಿಯುತ್ತಿತ್ತು. ಜೊತೆಯಲ್ಲಿ ತಾಯಿಯೂ ಇದ್ದರು. ನನಗೆಂದು ಡಬ್ಬಿಯಲ್ಲಿ, ಆ ಹಬ್ಬಕ್ಕೆ ಮದ್ದುಸೊಪ್ಪಿನ ರಸದಲ್ಲಿ ಮಾಡುವ ಮದ್ದುಪುಟ್ಟು ತಂದಿದ್ದರು. ಅವರು ಹೊರಗಿನ ಬೆಂಚಿನಲ್ಲಿ ಕುಳಿತರು, ಮಗ ಒಳಗೆ ಬಂದು ಬಾಗಿಲು ಮುಂದೆ ಮಾಡಿ, “ನಿಮ್ಮ ಮೇಲೆ ಆರೋಪ ಹೊರಿಸಲು ಬಂದಿಲ್ಲ ಮೇಡಂ, ಮೊದಲೇ ಹೇಳಿಬಿಡುತ್ತೇನೆ” ಎಂದು ಆರಂಭಿಸಿದರು. ಹಾಗೆ ಆರಂಭವಾದ ಮಾತು ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿದುಹೋಯಿತು.

ನನ್ನ ಮೇಜಿನ ಮೇಲಿದ್ದ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಅವರು ಚಿತ್ರ ಬರೆದು ತೋರಿಸಿದರು. ಇಂಥ ಕಟ್ಟಡಗಳ ಗೋಡೆಗಳಲ್ಲಿ ಕಾಂಕ್ರೀಟ್ ಹಾಕುವ ಮೊದಲೇ ಉಕ್ಕಿನ ಚಪ್ಪಟೆ ಪ್ಲೇಟ್‌ಗಳನ್ನು ಕೂರಿಸಿ, ಅವುಗಳ ಬೆನ್ನಿನ ಕಾಲುಗಳನ್ನು ಗೋಡೆಯೊಳಗೆ ಹೂತುಬಿಡುತ್ತಾರೆ. ಆಮೇಲೆ ಕೊಳವೆಗಳ, ವಿದ್ಯುತ್ ಕೇಬಲ್‌ಗಳ ಆಧಾರಗಳನ್ನು ಆ ಪ್ಲೇಟಿಗೆ ಬೆಸೆಯುತ್ತಾರೆ. ಇಡೀ ಸ್ಥಾವರದಲ್ಲಿ ಅಂಥವು ಸಾವಿರಾರು. ಭೂಕಂಪವಾದಾಗ ಆ ಕೊಳವೆ ಎಷ್ಟು ಬಲದಿಂದ ಪ್ಲೇಟನ್ನು ಕೀಳುತ್ತದೆ ಎಂಬುದು ಅದು ಎಷ್ಟನೇ ಅಂತಸ್ತಿನಲ್ಲಿದೆ ಎನ್ನುವುದರ ಮೇಲೆ ಹೋಗುತ್ತದೆ. ತೋಟದ ಸಿಲ್ವರ್ ಓಕ್ ಮರದ ಬುಡ ನಿಂತಲ್ಲೇ ನಿಂತಿದ್ದರೂ ತುದಿ ತೂಗುವ ಹಾಗೆ, ಕಟ್ಟಡದ ಮೇಲಂತಸ್ತು ಕೆಳಗಿನದಕ್ಕಿಂತ ಹೆಚ್ಚು ಅಲುಗುತ್ತದೆ. ಒಂದು ಗೋಡೆಯ ಹನ್ನೊಂದು ಪ್ಲೇಟ್‌ಗಳಿಗೆ ಇವರು ಮೇಲಂತಸ್ತಿನ ಅಂಕಿಗಳನ್ನು ಹಾಕಬೇಕಾದಲ್ಲಿ ಕೆಳಗಿನ ಅಂತಸ್ತಿನ ಅಂಕಿಗಳನ್ನು ಹಾಕಿದ್ದರು. ಪರಿಶೀಲಿಸಿದ ಸಹೋದ್ಯೋಗಿ ಕೂಡುವುದು ಕಳೆಯುವುದನ್ನೆಲ್ಲ ನೋಡಿದ್ದರು, ಎಲ್ಲವೂ ಸರಿ ಇತ್ತು. ಅಂಕಿಗಳು ಯಾವ ಅಂತಸ್ತಿನವು ಎಂಬ ತಲೆಬರಹವನ್ನು ಮಾತ್ರ ನೋಡಿರಲಿಲ್ಲ.

ಅದೇ ಆ ‘ಅದೊಂದೇ’ ಹಾಳೆ. ನಾನು ನೋಡಬೇಡಿ ಎಂದ ಐದು ವಾರಗಳಲ್ಲಿ ಆ ಗೋಡೆಗೆ ಕಾಂಕ್ರೀಟ್ ಬಿದ್ದಿತ್ತು. ಮೊದಲೇ ನೋಡಿದ್ದರೆ ಒಂದು ನಕ್ಷೆ ತಿದ್ದಿದರೆ ಮುಗಿಯುತ್ತಿತ್ತು.

ಆ ಕ್ಷಣದಲ್ಲಿ ನಾನು ಏನು ಹೇಳಿದೆನೆಂದು ನೆನಪಿಲ್ಲ, ಬಹುಶಃ ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. ತಪ್ಪು ಕಂಡು ಒಂಬತ್ತು ದಿನವಾಗಿದೆ, ಯಾರಿಗೂ ಹೇಳಿಲ್ಲ. ಕೆಲಸ ಹೋಗುವ ಭಯ ಇದ್ದೇ ಇತ್ತು. ಪರಿಶೀಲಿಸಿದ ಸಹೋದ್ಯೋಗಿಗೆ ಎರಡು ಸಣ್ಣ ಮಕ್ಕಳು, ಅವರ ಸಹಿಯೂ ಆ ಹಾಳೆಯ ಮೇಲಿದೆ ಎಂಬ ಸಂಕಟವೂ ಇತ್ತು. ಆದರೆ ಬಾಯಿ ಕಟ್ಟಿಹಾಕಿದ್ದು ಬೇರೆಯೇ ಒಂದು ಯೋಚನೆ. “ಇದೂ ಗೀಳೇ ಆಗಿದ್ದರೆ? ಒಂಬತ್ತು ದಿನದಲ್ಲಿ ಆ ಹಾಳೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ತಪ್ಪು ಕಾಣುತ್ತದೆ. ಆದರೆ ನನ್ನ ಕಣ್ಣನ್ನು ನಂಬಬಾರದು ಎಂದು ನೀವೇ ಹೇಳಿಕೊಟ್ಟಿದ್ದೀರಿ. ಹೇಳಿ ಮೇಡಂ, ನಾನು ಯಾವ ಸಂಶಯವನ್ನು ನಂಬಬೇಕು, ಯಾವುದನ್ನು ಬಿಡಬೇಕು?”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ಇದೆ, ‘ಗೀಳಿನ ಸಂಶಯಕ್ಕೆ ಆಧಾರವಿರುವುದಿಲ್ಲ’ ಎಂದು. ಆದರೆ ಆಧಾರವಿದೆಯೇ ಎಂದು ತಿಳಿಯಲು ನೋಡಲೇಬೇಕಲ್ಲ.

ಅಷ್ಟರಲ್ಲಿ ಗಾಳಿಮಳೆಗೆ ಹೊರಗಿನ ಬೆಂಚು ಒದ್ದೆಯಾಗಿ ತಾಯಿ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಮಗನ ಮುಖ ನೋಡಿ, ನನ್ನ ಮುಖ ನೋಡಿ, ಇಬ್ಬರಲ್ಲಿ ಯಾರಿಗೆ ಸಮಾಧಾನ ಹೇಳಬೇಕೆಂದು ತಿಳಿಯದವರಂತೆ ನಿಂತರು. ಮಗನೇ, “ಅವ್ವಾ, ಕೂತ್ಕೊ, ಪರವಾಗಿಲ್ಲ” ಎಂದ ಮೇಲೆ ಕುಳಿತು ಅವರು ಆಡಿದ ಮಾತನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

“ಮೇಡಂ, ನಾನು ಓದಿದವಳಲ್ಲ. ಜಲಪ್ರಳಯ ಆದ ವರ್ಷ ನಮ್ಮ ಮನೆ ಉಳೀತು, ಹಿಂದಿನ ಗುಡ್ಡದ ಬರೆ ಕುಸಿದು ಅರ್ಧ ಎಕರೆ ತೋಟ ಎಳ್ಕೊಂಡು ಹೋಯ್ತು. ಆಮೇಲೆ ಪ್ರತಿ ಮಳೆಗಾಲ ರಾತ್ರಿ ಮೂರು ಮೂರು ಸಲ ಬ್ಯಾಟರಿ ಹಿಡ್ಕೊಂಡು ಹೋಗಿ ಅಂಗಳದ ಬಿರುಕು ನೋಡಿ ಬರ್ತಿದ್ದೆ. ರಾತ್ರಿ ನೋಡಿದ್ರೆ ದೊಡ್ಡದಾದ ಹಾಗೇ ಕಾಣ್ತದೆ. ಬೆಳಿಗ್ಗೆ ನೋಡಿದ್ರೆ ಹಾಗೇ ಇರ್ತದೆ. ಇವನಿಗೆ ಗೊತ್ತಾಗಿ ಬೈದ. ಹೋಗಬೇಡ ಅಂತ ಬರೀ ಬಾಯಲ್ಲಿ ಹೇಳಿದ್ರೆ ನಾನು ಕೇಳ್ತಿರಲಿಲ್ಲ. ಇವನು ರಜೆಯಲ್ಲಿ ಬಂದು ಬಿರುಕಿನ ಆಚೆ ಒಂದು ಗೂಟ, ಈಚೆ ಒಂದು ಗೂಟ ಹೊಡೆದ. ಟೇಪ್ ಕೊಟ್ಟ, ಒಂದು ಪುಸ್ತಕ ಕೊಟ್ಟ. ದಿನಾ ಬೆಳಿಗ್ಗೆ ಒಂದೇ ಸಲ ಅಳೆದು ಬರಿ, ಪಕ್ಕದ ಮನೆಯವರಿಗೂ ಓದಿ ಹೇಳು, ಒಂದು ದಿನಕ್ಕೆ ಇಷ್ಟು ಹೆಚ್ಚಾದ್ರೆ ಯಾರನ್ನೂ ಕೇಳದೆ ಮನೆ ಬಿಟ್ಟು ಹೋಗು, ರಾತ್ರಿ ಮಾತ್ರ ಹೋಗಬೇಡ ಅಂದ. ಈಗ ನಾನು ರಾತ್ರಿ ಮಲಗ್ತೇನೆ. ಇವನು ಮಲಗೋದಿಲ್ಲ.”

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಇತ್ತು. ನಾನು ಮಗನ ಕಡೆ ತಿರುಗಿ, ನೀವು ಅವ್ವನಿಗೆ ನೋಡಬೇಡ ಎಂದು ಏಕೆ ಹೇಳಲಿಲ್ಲ ಎಂದು ಕೇಳಿದೆ. “ಬಿರುಕು ನಿಜವಾಗಿ ಇತ್ತಲ್ಲ ಮೇಡಂ” ಎಂದರು. ಹೇಳಿದ ಮೇಲೆ ತಾವೇ ಬೆಚ್ಚಿದಂತೆ ಕ್ಯಾಲೆಂಡರ್ ಹಾಳೆಯ ಕಡೆ ನೋಡಿದರು.

ನಾನು ಕೊಟ್ಟಿದ್ದು ಅರ್ಧ ಸಲಹೆ ಮಾತ್ರ. ‘ರಾತ್ರಿ ಹೋಗಬೇಡ’ ಎಂಬುದನ್ನು ಕೊಟ್ಟೆ, ಗೂಟವನ್ನು ಕೊಡಲಿಲ್ಲ. ಬಾಗಿಲಿನ ಚಿಲಕ ನೋಡುವವರಿಗೆ ಗೂಟದ ಅಗತ್ಯವಿಲ್ಲ, ಚಿಲಕ ಹಾಕುವುದು ಅವರ ವೃತ್ತಿಯಲ್ಲ. ಆದರೆ ನೋಡುವುದೇ ವೃತ್ತಿಯಾದವನಿಗೆ ನೋಡಬೇಡ ಎಂದಾಗ, ರೋಗದ ಜೊತೆಗೆ ಅವನ ಕಸುಬನ್ನೂ ಕಟ್ಟಿಹಾಕಿದಂತಾಗುತ್ತದೆ. ಆ ಕೆಲಸದಲ್ಲಿ ಎಷ್ಟು ಸಲ ನೋಡುವುದು ರೂಢಿ, ಯಾರು ನೋಡುತ್ತಾರೆ, ನಕ್ಷೆ ಹೋದ ಮೇಲೆ ಸಂಶಯ ಬಂದರೆ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗಳನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ನಾನು ವಿಕಿರಣದ ಬಗ್ಗೆ ಕೇಳಿದೆ. ಅದು ನನ್ನ ಕುತೂಹಲ ಕೇಳಿದ ಪ್ರಶ್ನೆಯೇ ಹೊರತು ನನ್ನ ವೃತ್ತಿ ಕೇಳಿದ್ದಲ್ಲ.

ಆ ದಿನ ಕೊಟ್ಟ ಸಲಹೆಯನ್ನು ಹೇಳುತ್ತೇನೆ. ಈ ಹಾಳೆ ರೋಗವೋ ತಪ್ಪೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ, ನನ್ನದಂತೂ ಅಲ್ಲವೇ ಅಲ್ಲ ಎಂದೆ. ನಾಳೆ ಬೆಳಿಗ್ಗೆ ನಿಮ್ಮ ಮುಖ್ಯಸ್ಥರಿಗೆ ಒಂದು ಪುಟ ಬರೆಯಿರಿ: ಹಾಳೆಯ ಸಂಖ್ಯೆ, ಹಾಕಿದ ಅಂಕಿ ಯಾವ ಅಂತಸ್ತಿನದು, ಹಾಕಬೇಕಾದದ್ದು ಯಾವುದು, ಯಾವ ಗೋಡೆ, ಯಾವ ಪ್ಲೇಟ್‌ಗಳು. ಕ್ಷಮಾಪಣೆಯ ಪ್ಯಾರಾ ಬೇಡ, ನಿದ್ದೆಗೆಟ್ಟ ಕಥೆಯೂ ಬೇಡ. ಕಳುಹಿಸುವ ಮೊದಲು ಪರಿಶೀಲಿಸಿದ ಸಹೋದ್ಯೋಗಿಗೆ ಫೋನ್ ಮಾಡಿ ತಿಳಿಸಿ. ಅದು ಅವರ ಅಪ್ಪಣೆ ಕೇಳಲು ಅಲ್ಲ, ಅವರಿಗೆ ಬೇರೆಯವರ ಬಾಯಿಂದ ತಿಳಿಯಬಾರದು ಎಂಬ ಕಾರಣಕ್ಕೆ. ಕಳುಹಿಸಿದ ಮೇಲೆ ಆ ಹಾಳೆಯನ್ನು ನೀವು ತೆರೆಯಬಾರದು, ಇನ್ನು ಅದನ್ನು ಬೇರೆ ಕಣ್ಣುಗಳು ನೋಡಲಿ. ಇನ್ನು ಮುಂದೆ ರಾತ್ರಿ ಏಳುವ ಸಂಶಯವನ್ನು ಹಾಸಿಗೆಯ ಪಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ, ಲ್ಯಾಪ್‌ಟಾಪ್ ಮುಟ್ಟಬೇಡಿ. ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿ ಅರ್ಧ ಗಂಟೆ ಆ ಸಾಲುಗಳನ್ನು ನೋಡಿ. ಹಗಲಿನಲ್ಲೂ ಉಳಿಯುವ ಸಂಶಯವಿದ್ದರೆ ಪರಿಶೀಲಕರಿಗೆ ಬರೆದು ಕೊಡಿ. ಉಳಿಯದಿದ್ದರೆ ಸಾಲನ್ನು ಹೊಡೆದುಹಾಕಿ, ಎರಡನೇ ಸಲ ನೋಡುವಂತಿಲ್ಲ. ಮಾತ್ರೆಯನ್ನು ವೈದ್ಯರು ಹೇಳುವ ತನಕ ಬಿಡಬೇಡಿ. ಅವರ ತಾಯಿ ತಲೆಯಾಡಿಸುತ್ತಾ ಕೇಳಿಸಿಕೊಂಡು, “ಅಳತೆ ಪುಸ್ತಕ” ಎಂದರು. ಮಗ ಅಂದು ಮೊದಲ ಸಲ ನಕ್ಕರು.

ಇನ್ನೊಂದು ಮಾತನ್ನೂ ಹೇಳಿದೆ, ಮತ್ತು ಅದರ ಬಗ್ಗೆ ನನಗೆ ಸಾಕಷ್ಟು ಟೀಕೆ ಬಂದಿದೆ. ಮುಂದಿನ ಸೋಮವಾರದೊಳಗೆ ನೀವು ಬರೆಯದಿದ್ದರೆ ಇದನ್ನು ನನ್ನೊಳಗೇ ಇಟ್ಟುಕೊಳ್ಳುತ್ತೇನೆಂದು ನಾನು ಮಾತು ಕೊಡಲಾರೆ ಎಂದೆ. ಹೆಸರು ಹೇಳದೆ ಈ ಪ್ರಕರಣವನ್ನು ಚರ್ಚಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, ಆಪ್ತಸಲಹೆ ಎಂದರೆ ದಾರಿ ತೋರಿಸುವುದೇ ಹೊರತು ಕೈ ಹಿಡಿದು ಎಳೆಯುವುದಲ್ಲ, ಅವರ ಕೆಲಸ ಹೋಗಿದ್ದರೆ ಹೊಣೆ ಯಾರು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಗುಟ್ಟು ಕಾಪಾಡುವುದು ನಮ್ಮ ಕಸುಬಿನ ಬುನಾದಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಚಿಕಿತ್ಸೆ ನೀಡುವವರ ಮೇಲೆ ಅದನ್ನು ಹೊರಿಸುತ್ತದೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ ಎಂಬ ವಿನಾಯಿತಿಯನ್ನೂ ಇಡುತ್ತದೆ. ಯಾವ ಸ್ಥಾವರ ಎಂದೇ ತಿಳಿಯದ ನಾನು ಯಾರಿಗೆ ಏನೆಂದು ಹೇಳುತ್ತಿದ್ದೆ ಎಂಬುದು ನನಗೂ ಗೊತ್ತಿರಲಿಲ್ಲ. ಆದರೂ ಹಾಗೆ ಹೇಳಿದ್ದು ಏಕೆಂದರೆ, ಎದುರಿಗೆ ಕುಳಿತವರು ಒಂಬತ್ತು ದಿನದಿಂದ ಒಬ್ಬಂಟಿಯಾಗಿ ತೀರ್ಮಾನ ತೆಗೆದುಕೊಳ್ಳಲಾರದೆ ಕುಸಿದಿದ್ದರು. ‘ನಿಮಗೆ ಸರಿ ಕಂಡದ್ದು ಮಾಡಿ’ ಎಂದಿದ್ದರೆ ಅದು ಅವರ ಸ್ವಾತಂತ್ರ್ಯಕ್ಕೆ ಕೊಟ್ಟ ಗೌರವವಾಗುತ್ತಿರಲಿಲ್ಲ, ಹತ್ತನೇ ದಿನಕ್ಕೆ ತಳ್ಳಿದಂತಾಗುತ್ತಿತ್ತು. ಮತ್ತೊಬ್ಬ ಸಹೋದ್ಯೋಗಿ ಕನಿಕರದಿಂದ, ನಿಮ್ಮ ಮೊದಲ ಸಲಹೆ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಈ ಸಮಾಧಾನವನ್ನು ನಾನು ಒಪ್ಪಲಾರೆ. ಪರಿಶೀಲಿಸಿದ ಆ ಸಹೋದ್ಯೋಗಿಯೂ ಕೂಡಿ ಕಳೆದು ಎಲ್ಲ ಸರಿಯಾಗಿಯೇ ನೋಡಿದ್ದರು. ತಲೆಬರಹ ನೋಡಿರಲಿಲ್ಲ, ಅಷ್ಟೇ.

ಮುಂದೆ ನಡೆದದ್ದನ್ನು ಚಿಕ್ಕದಾಗಿ ಹೇಳಬಹುದು. ಅವರು ಶನಿವಾರವೇ ಬರೆದರು. ಬೇರೆ ತಂಡ ಲೆಕ್ಕ ಮತ್ತೆ ಹಾಕಿತು. ಹನ್ನೊಂದರಲ್ಲಿ ಎಂಟು ಪ್ಲೇಟ್‌ಗಳಿಗೆ, ವಿನ್ಯಾಸದಲ್ಲಿ ಮೊದಲೇ ಬಿಟ್ಟಿದ್ದ ಹೆಚ್ಚುವರಿ ಬಲ ಸಾಕಾಯಿತು. ಉಳಿದ ಮೂರರ ಮೇಲೆ ಬರಬೇಕಿದ್ದ ಕೊಳವೆಗಳ ಆಧಾರಗಳನ್ನು, ಇನ್ನೂ ಬೆಸುಗೆಯಾಗಿರದ ಕಾರಣ, ಪಕ್ಕದ ಪ್ಲೇಟ್‌ಗಳಿಗೆ ಹಂಚಿದರು. ಸಭೆಯೊಂದರಲ್ಲಿ ಎಲ್ಲರ ಮುಂದೆ ಕಟುಮಾತು ಕೇಳಬೇಕಾಯಿತು, ಆ ವರ್ಷ ಬಡ್ತಿ ಬರಲಿಲ್ಲ, ಕೆಲಸ ಉಳಿಯಿತು. ಪರಿಶೀಲಿಸಿದ ಸಹೋದ್ಯೋಗಿ ಈಗಲೂ ಇವರೊಡನೆ ಕೆಲಸದ ಮಾತನ್ನಷ್ಟೇ ಆಡುತ್ತಾರೆ, ಊಟಕ್ಕೆ ಜೊತೆಗೆ ಕೂರುವುದಿಲ್ಲ. ಗೀಳು ಪೂರ್ತಿ ಹೋಗಿಲ್ಲ. ಹಾಸಿಗೆಯ ಪಕ್ಕದ ಪುಸ್ತಕದಲ್ಲಿ ಮೊದಲು ರಾತ್ರಿಗೆ ಏಳೆಂಟು ಸಾಲು ಬೀಳುತ್ತಿದ್ದವು, ಈಗ ವಾರಕ್ಕೆ ಎರಡೋ ಮೂರೋ.

ಈ ಕಥೆಯನ್ನು ಪರಮಾಣು ಸ್ಥಾವರದ ಕಥೆಯೆಂದು ಯಾರೂ ಬದಿಗಿಡಬಾರದು ಎಂಬ ಆಸೆಯಿಂದ ಇಷ್ಟು ಬರೆದಿದ್ದೇನೆ. ಕೊಡಗಿನಿಂದ ಹೊರಗೆ ಹೋದ ನಮ್ಮ ಮಕ್ಕಳಲ್ಲಿ ಬೇರೆಯವರ ಜೀವ ತಮ್ಮ ಸಹಿಯ ಮೇಲೆ ನಿಂತಿರುವಂಥ ಕೆಲಸದಲ್ಲಿರುವವರು ಬಹಳ ಮಂದಿ ಇದ್ದಾರೆ. ಐ.ಸಿ.ಯು.ನಲ್ಲಿ ಔಷಧದ ಪ್ರಮಾಣ ಅಳೆಯುವ ನರ್ಸ್, ಹಾರುವ ಮುನ್ನ ವಿಮಾನದ ಚಕ್ರ ನೋಡುವವರು, ವಿದ್ಯುತ್ ತಂತಿಯ ಮೇಲೆ ಜನ ಕೆಲಸ ಮಾಡುವಾಗ ಲೈನ್ ಆಫ್ ಮಾಡಿದೆನೆಂದು ಫೋನಿನಲ್ಲಿ ಹೇಳುವವರು. ಅವರು ರಜೆಯಲ್ಲಿ ಬಂದು ನಿದ್ದೆ ಬರುವುದಿಲ್ಲ ಎಂದಾಗ ಮನೆಯವರು ಹೇಳುವುದು ಒಂದೇ ಮಾತು: ತಲೆಗೆ ಹಚ್ಚಿಕೊಳ್ಳಬೇಡ, ಎಲ್ಲ ಸರಿಯಾಗಿಯೇ ಮಾಡಿರುತ್ತೀಯ. ನಾನು ಶುಲ್ಕ ತೆಗೆದುಕೊಂಡು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಅದರ ಬದಲು, ನಿನ್ನ ಕೆಲಸವನ್ನು ನೀನಲ್ಲದೆ ಬೇರೆ ಯಾರು ನೋಡುತ್ತಾರೆ, ಸಂಶಯ ಬಂದರೆ ಬೈಸಿಕೊಳ್ಳದೆ ಹೇಳಲು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿ. ಇದ್ದಾರೆ ಎಂದರೆ ಸಂಶಯವನ್ನು ಅಲ್ಲಿಗೆ ಕಳುಹಿಸಲು ಹೇಳಿ. ಇಲ್ಲ ಎಂದರೆ ತೊಂದರೆ ನಿಮ್ಮ ಮಗನದೋ ಮಗಳದೋ ಮಾತ್ರವಲ್ಲ, ಆ ಜಾಗದ್ದೂ ಹೌದು. ಎರಡು ವಾರ ದಾಟಿಯೂ ನಿದ್ದೆ ಮರಳದಿದ್ದರೆ ಮನೋವೈದ್ಯರನ್ನು ಕಾಣಿಸಿ, ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿ; ಕನ್ನಡದಲ್ಲೇ ಮಾತನಾಡುತ್ತಾರೆ.

ಮಳೆಗಾಲದಲ್ಲಿ ಬ್ಯಾಟರಿ ಹಿಡಿದು ಬರೆ ನೋಡುವ ಹಿರಿಯರು ಬಂದರೆ ಈಗ ನಾನು ಮೊದಲು ಕೇಳುವುದು ಬಿರುಕು ಇದೆಯೇ ಎಂದು. 2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು, ಕರಿಕೆ ಕಡೆ ನೆಲ ನಡುಗಿದ ಮೇಲೆ ಗೋಡೆಯ ಬಿರುಕುಗಳನ್ನು ಎಣಿಸುತ್ತಾ ಕುಳಿತವರನ್ನೂ ಹೀಗೆಯೇ ಕೇಳಬೇಕಿತ್ತು, ಆಗ ಕೇಳಿರಲಿಲ್ಲ. ಇದೆ ಎಂದರೆ ಗೂಟದ ಉಪಾಯ ಹೇಳುತ್ತೇನೆ, ಜೊತೆಗೆ ಪಂಚಾಯಿತಿಗೆ ತಿಳಿಸಲು ಹೇಳುತ್ತೇನೆ. ಜಿಲ್ಲಾಡಳಿತ ಮನೆ ಬಿಡಿ ಎಂದ ದಿನ ಗೂಟದ ಲೆಕ್ಕ ಏನೇ ಇದ್ದರೂ ಬಿಡಬೇಕು ಎಂದೂ ಸೇರಿಸುತ್ತೇನೆ. ಇಲ್ಲ ಎಂದರೆ ಆಗ ಹಳೆಯ ಚಿಕಿತ್ಸೆಯನ್ನೇ ಆರಂಭಿಸುತ್ತೇನೆ, ಅದು ಚೆನ್ನಾಗಿ ಫಲಿಸುತ್ತದೆ.

ಕಳೆದ ವಾರ ಆ ತಾಯಿ ಫೋನ್ ಮಾಡಿದ್ದರು. ಈಚೆಗಿನ ಗೂಟವನ್ನು ರಾತ್ರಿ ಕಾಡುಹಂದಿ ಕಿತ್ತುಹಾಕಿದೆಯಂತೆ. ಹೊಸ ಗೂಟ ಹೊಡೆದರೆ ಪುಸ್ತಕದ ಹಳೆಯ ಲೆಕ್ಕವೆಲ್ಲ ಕೆಡುತ್ತದೆಯೇ, ಅದೇ ಗುಂಡಿಗೆ ಹಳೆಯದನ್ನೇ ಹೊಡೆದರೆ ನಡೆಯುತ್ತದೆಯೇ ಎಂದು ಕೇಳಿದರು. ಅದನ್ನು ನಿಮ್ಮ ಮಗನನ್ನೇ ಕೇಳಬೇಕು, ಹಗಲು ಹೊತ್ತಿನಲ್ಲಿ ಕೇಳಿ ಎಂದೆ.